ಇಂಪ್ರೆಸ್‌ನಲ್ಲಿ ಲೂಪ್: ಒಂದು ಎಫೆಕ್ಟ್ ಸುತ್ತುತ್ತದೆ, ಇಡೀ ಶೋ ಸುತ್ತುತ್ತದೆ, ನಡುವಿನದು ಮಾತ್ರ ಇಲ್ಲ

ಅಪಾರ್ಟ್‌ಮೆಂಟ್ ಲಾಬಿ, ಕ್ಲಿನಿಕ್ಕಿನಲ್ಲಿ ಕಾಯುವ ಜಾಗ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆ. ಬೆಂಗಳೂರಿನಲ್ಲಿ ಟಿವಿ ತೂಗುಹಾಕಿದ ಕಡೆಯೆಲ್ಲ ಬೇಕಾಗುವುದು, ಯಾರೂ ಮುಟ್ಟದೆ ಬೆಳಗಿನಿಂದ ರಾತ್ರಿಯವರೆಗೆ ಓಡುವ ಸ್ಲೈಡ್ ಶೋ. ಈ ಕೆಲಸಕ್ಕೆ ಲಿಬ್ರೆಆಫೀಸ್ ಇಂಪ್ರೆಸ್ ಎಂಬ ಸ್ಲೈಡ್ ತಯಾರಿಸುವ ತಂತ್ರಾಂಶ ದುಡ್ಡಿಲ್ಲದೆ ಸಿಗುತ್ತದೆ, ಕನ್ನಡ ಚೆನ್ನಾಗಿ ತೋರಿಸುತ್ತದೆ, ದೀರ್ಘ ಬಳಕೆಗೆ ನಂಬಬಹುದು. ಐದಕ್ಕೆ ಮೂರೂವರೆ ಕೊಡಬಹುದು. ಉಳಿದ ಒಂದೂವರೆ ಯಾಕೆ ಹೋಯಿತು ಅನ್ನುವುದೇ ಇಲ್ಲಿನ ವಿಷಯ.

ಮೊದಲು ಇರುವುದನ್ನು ಹೇಳುತ್ತೇನೆ. ‘ಸ್ಲೈಡ್ ಶೋ ಸೆಟ್ಟಿಂಗ್ಸ್’ನಲ್ಲಿ ‘ಲೂಪ್ ಅಂಡ್ ರಿಪೀಟ್ ಆಫ್ಟರ್’ ಆರಿಸಿ, ಸಮಯವನ್ನು 00:00:00 ಮಾಡಿ. ಸೊನ್ನೆ ಇಡದಿದ್ದರೆ ಪ್ರತಿ ಸುತ್ತಿನ ಕೊನೆಗೆ ವಿರಾಮದ ಖಾಲಿ ಪರದೆ ಬಂದು ನಿಲ್ಲುತ್ತದೆ, ನೋಡುವವರು ಟಿವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪ್ರತಿ ಸ್ಲೈಡಿನ ಟ್ರಾನ್ಸಿಷನ್‌ನಲ್ಲೂ (ಸ್ಲೈಡು ಬದಲಾಗುವ ಬಗೆ) ‘ಆಫ್ಟರ್’ ಆರಿಸಿ ಸೆಕೆಂಡು ತುಂಬಬೇಕು. ಒಂದೇ ಒಂದು ಸ್ಲೈಡು ‘ಆನ್ ಮೌಸ್ ಕ್ಲಿಕ್’ನಲ್ಲಿ ಉಳಿದರೂ ಶೋ ಅಲ್ಲೇ ನಿಂತುಬಿಡುತ್ತದೆ. ಸ್ಲೈಡಿನೊಳಗೆ ಚಿತ್ರ, ಅಕ್ಷರಗಳನ್ನು ಅಲುಗಾಡಿಸುವ ಒಂದೊಂದು ಎಫೆಕ್ಟಿಗೂ ಪುನರಾವರ್ತನೆ ಇದೆ: ಎಫೆಕ್ಟ್ ಆಪ್ಷನ್ಸ್, ಟೈಮಿಂಗ್, ರಿಪೀಟ್, ‘ಅನ್‌ಟಿಲ್ ಎಂಡ್ ಆಫ್ ಸ್ಲೈಡ್’.

ತೊಡಕು ಶುರುವಾಗುವುದು ಎರಡು ಮೂರು ಎಫೆಕ್ಟುಗಳು ಸರದಿಯಲ್ಲಿ ಸುತ್ತಬೇಕಾದಾಗ. ಲಾಬಿಯ ಕಸ ವಿಂಗಡಣೆ ಸ್ಲೈಡನ್ನೇ ತೆಗೆದುಕೊಳ್ಳಿ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ, ಸ್ಯಾನಿಟರಿ ಕಸಕ್ಕೆ ಕೆಂಪು. ಒಂದೊಂದು ಬುಟ್ಟಿ 2 ಸೆಕೆಂಡು ಅಲುಗಾಡಬೇಕು, 6 ಸೆಕೆಂಡಿಗೆ ಒಂದು ಸುತ್ತು ಮುಗಿದು ಮತ್ತೆ ಹಸಿರಿಗೆ ಬರಬೇಕು. ಮೂರಕ್ಕೂ ಅತ್ತಿತ್ತ ಅಲುಗಾಡಿಸುವ ‘ಟೀಟರ್’ ಎಫೆಕ್ಟ್ ಹಾಕಿ, ಅವಧಿ 2 ಸೆಕೆಂಡು, ‘ವಿತ್ ಪ್ರೀವಿಯಸ್’ (ಹಿಂದಿನದರ ಜೊತೆಗೇ), ಡಿಲೇ 0, 2, 4 ಕೊಟ್ಟು ರಿಪೀಟ್ ಆನ್ ಮಾಡಿದರೆ ಮೊದಲ ಎರಡು ಸೆಕೆಂಡು ಎಲ್ಲ ಸರಿ ಅನಿಸುತ್ತದೆ. ಮೂರನೇ ಸೆಕೆಂಡಿನಿಂದ ನೀಲಿಯ ಜೊತೆ ಹಸಿರೂ ಅಲುಗಾಡುತ್ತಲೇ ಇರುತ್ತದೆ. ಐದನೇ ಸೆಕೆಂಡಿನಿಂದ ಮೂರೂ ಬುಟ್ಟಿ ಒಟ್ಟಿಗೆ ಕುಣಿಯುತ್ತವೆ! ಡಿಲೇ ಎಂಬುದು ಎಫೆಕ್ಟ್ ಮೊದಲ ಸಲ ಶುರುವಾಗುವ ಹೊತ್ತಷ್ಟೇ. ಸುತ್ತಿ ಸುತ್ತಿ ಬರುವುದು ಆ 2 ಸೆಕೆಂಡಿನ ಅವಧಿ ಮಾತ್ರ, ನಡುವಿನ ಬಿಡುವು ಜೊತೆಗೆ ಬರುವುದಿಲ್ಲ. ಅವಧಿಗಳು ಬೇರೆಬೇರೆ ಇದ್ದರೆ ಇನ್ನೂ ಕಷ್ಟ: 2 ಮತ್ತು 2.5 ಸೆಕೆಂಡಿನವು ಜೊತೆಗೆ ಹೊರಟರೆ ಮತ್ತೆ ತಾಳ ಕೂಡುವುದು 10 ಸೆಕೆಂಡಿಗೊಮ್ಮೆ. ಪವರ್‌ಪಾಯಿಂಟ್‌ನಲ್ಲೂ ರಿಪೀಟ್ ಇರುವುದು ಒಂದೊಂದು ಎಫೆಕ್ಟಿಗೇ, ಹಾಗಾಗಿ ಅಲ್ಲಿಗೆ ಹೋದರೂ ಇದು ತಪ್ಪುವುದಿಲ್ಲ.

ಸದ್ಯಕ್ಕೆ ದಾರಿ ಎರಡು. ಒಂದೊಂದು ಬುಟ್ಟಿಗೆ ಒಂದೊಂದು ಸ್ಲೈಡ್ ಮಾಡಿ 2 ಸೆಕೆಂಡಿಗೆ ಬದಲಾಗಲು ಬಿಡುವುದು ಮೊದಲನೆಯದು. ಐದು ಸುತ್ತು ಬೇಕಾದರೆ 15 ಸ್ಲೈಡು. ಕಾಗುಣಿತದ ಒಂದು ತಪ್ಪನ್ನು 15 ಕಡೆ ತಿದ್ದಬೇಕು.

ಎರಡನೆಯದು ಇಂಪ್ರೆಸ್‌ನಲ್ಲೇ ಇರುವ, ಹೆಚ್ಚು ಜನ ತೆರೆದು ನೋಡದ ಸೌಲಭ್ಯ: ಇನ್ಸರ್ಟ್, ಮೀಡಿಯಾ, ಅನಿಮೇಟೆಡ್ ಇಮೇಜ್. ಚಿತ್ರದ ಮೂರು ರೂಪ ಬರೆದು ಒಂದೊಂದನ್ನೂ ಗ್ರೂಪ್ ಮಾಡಿ, ಒಂದೊಂದಾಗಿ ಆರಿಸಿ ‘ಅಪ್ಲೈ ಆಬ್ಜೆಕ್ಟ್’ ಒತ್ತಿ. ‘ಬಿಟ್‌ಮ್ಯಾಪ್ ಆಬ್ಜೆಕ್ಟ್’ ಆರಿಸಿದರೆ ಮಾತ್ರ ಅವಧಿ ತುಂಬಲು ಬರುತ್ತದೆ. ಪ್ರತಿ ಫ್ರೇಮಿಗೆ 2 ಸೆಕೆಂಡು, ಲೂಪ್ ಕೌಂಟ್ ‘ಮ್ಯಾಕ್ಸ್’, ಆಮೇಲೆ ‘ಕ್ರಿಯೇಟ್’. ಸರದಿ ಕರಾರುವಾಕ್ಕಾಗಿ ಬರುತ್ತದೆ. ಆದರೆ ಅಕ್ಷರ ಬಿಟ್‌ಮ್ಯಾಪ್ (ಚುಕ್ಕಿಗಳ ಚಿತ್ರ) ಆಗಿಬಿಡುತ್ತದೆ, ಆಮೇಲೆ ಹಿಗ್ಗಿಸಿದರೆ ದೊಡ್ಡ ಟಿವಿಯಲ್ಲಿ ಒತ್ತಕ್ಷರದ ಅಂಚು ಮಸುಕಾಗಿ ಓದಲು ತ್ರಾಸ. ಹಾಗಾಗಿ ಪರದೆಯಲ್ಲಿ ಬೇಕಾದ ಅಳತೆಯಲ್ಲೇ ಮೊದಲು ಬರೆಯಿರಿ, ಮೂಲ ಚಿತ್ರಗಳನ್ನು ಒಂದು ಹೈಡ್ ಮಾಡಿದ ಸ್ಲೈಡಿನಲ್ಲಿ ಉಳಿಸಿಕೊಳ್ಳಿ. ಕಸದ ಗಾಡಿಯ ಹೊತ್ತು ಬದಲಾದ ದಿನ ಅದು ಬೇಕೇಬೇಕು. ಬರೀ ಓಡುವ ಸಾಲು ಸಾಕಾದರೆ ಇದ್ಯಾವುದೂ ಬೇಡ, ಪಠ್ಯದ ಗುಣಲಕ್ಷಣಗಳಲ್ಲಿ ‘ಟೆಕ್ಸ್ಟ್ ಅನಿಮೇಷನ್’, ‘ಸ್ಕ್ರಾಲ್ ಥ್ರೂ’, ‘ಕಂಟಿನ್ಯುಯಸ್’ ಆರಿಸಿ.

ಈಗ ಬೇಡಿಕೆ. ಅನಿಮೇಷನ್ ಪಟ್ಟಿಯಲ್ಲಿ ಮೂರು ಎಫೆಕ್ಟ್ ಆರಿಸಿ, ಬಲ ಕ್ಲಿಕ್ ಮಾಡಿದರೆ ‘ಗುಂಪಾಗಿ ಪುನರಾವರ್ತಿಸು’ ಅಂತ ಒಂದು ಆಯ್ಕೆ ಬರಲಿ. ಅದರಲ್ಲಿ ಎಷ್ಟು ಸುತ್ತು, ಸುತ್ತುಗಳ ನಡುವೆ ಎಷ್ಟು ಬಿಡುವು ಎಂಬ ಎರಡು ಖಾನೆ ಇರಲಿ. ಜೊತೆಗೆ ‘ಸುತ್ತು ಪೂರ್ತಿ ಮಾಡಿ ಮುಂದಿನ ಸ್ಲೈಡಿಗೆ ಹೋಗು’ ಎಂಬ ಗುರುತು ಬೇಕೇ ಬೇಕು, ಇಲ್ಲದಿದ್ದರೆ ಕೆಂಪು ಬುಟ್ಟಿಯ ಸರದಿಗೆ ಮುಂಚೆಯೇ ಸ್ಲೈಡು ಬದಲಾಗಿಬಿಡಬಹುದು.

ಇದು ಅತಿಯಾಸೆಯೇನಲ್ಲ. ಇಂಪ್ರೆಸ್ ಉಳಿಸುವ ಓಡಿಪಿ ಕಡತ ಅಂದರೆ ಜಿಪ್ ಕಡತವೇ. ಅದನ್ನು ಬಿಚ್ಚಿ ಒಳಗಿನ ‘ಕಾಂಟೆಂಟ್.ಎಕ್ಸ್‌ಎಂಎಲ್’ ನೋಡಿದರೆ ಅನಿಮೇಷನ್ನುಗಳೆಲ್ಲ ಸ್ಮಿಲ್ ಪದ್ಧತಿಯಲ್ಲಿ (ಯಾವುದು ಯಾವಾಗ ಓಡಬೇಕು ಎಂದು ಬರೆದಿಡುವ ಭಾಷೆ) ಬರೆದಿರುತ್ತವೆ, 2001ರಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ ಹೊರತಂದ ಸ್ಮಿಲ್ 2.0ರಿಂದ ಬಂದ ಗುರುತುಗಳವು. ಹಲವು ಎಫೆಕ್ಟುಗಳನ್ನು ಒಳಗಿಟ್ಟುಕೊಳ್ಳುವ ‘ಪಾರ್’ ಎಂಬ ಪೆಟ್ಟಿಗೆಗೂ ‘ರಿಪೀಟ್‌ಕೌಂಟ್’ (ಎಷ್ಟು ಸಲ ಸುತ್ತಬೇಕು) ಹಾಕಲು, ಓಡಿಪಿ ಕಡತಗಳು ಅನುಸರಿಸುವ ಓಡಿಎಫ್ ಮಾನಕದಲ್ಲಿ ಅವಕಾಶವಿದೆ. ಜಾಗ ಆಗಲೇ ಸಿದ್ಧ, ಒತ್ತಲು ಗುಂಡಿಯೊಂದಿಲ್ಲ ಅಷ್ಟೇ. ಪವರ್‌ಪಾಯಿಂಟ್‌ನ ಪಿಪಿಟಿಎಕ್ಸ್ ಕಡತವಾಗಿ ಉಳಿಸುವಾಗ ಈ ಗುಂಪು ಮುರಿಯಬಹುದು, ಆಗೊಂದು ಎಚ್ಚರಿಕೆ ತೋರಿಸಿದರೆ ಸಾಕು.

ಸ್ಲೈಡುಗಳ ಮಟ್ಟದಲ್ಲೂ ಇದೇ ಬೇಕು: 4ರಿಂದ 6ನೇ ಸ್ಲೈಡು ಮೂರು ಸುತ್ತು ಬಂದು 7ಕ್ಕೆ ಹೋಗುವಂತೆ. ಆದರೆ ಮೊದಲು ಬರಬೇಕಾದ್ದು ಎಫೆಕ್ಟುಗಳ ಗುಂಪು.

ಕರೆಂಟ್ ಹೋಗಿ ಬರುವ ಕಡೆ ಇದೊಂದು ಮರೆಯಬೇಡಿ: ಸ್ಟಾರ್ಟಪ್ ಫೋಲ್ಡರಿನ ಶಾರ್ಟ್‌ಕಟ್‌ನಲ್ಲಿ ಲಿಬ್ರೆಆಫೀಸ್ ತೆರೆಯುವ ‘ಎಸ್‌ಆಫೀಸ್’ (soffice) ಆದ ಮೇಲೆ ‘--ಶೋ’ (--show) ಸೇರಿಸಿ ಕಡತದ ಹೆಸರು ಕೊಡಿ. ಕಂಪ್ಯೂಟರ್ ಆನ್ ಆಗಿ ಲಾಗಿನ್ ಆಗುತ್ತಿದ್ದಂತೆ ಶೋ ತಾನಾಗಿಯೇ ಶುರುವಾಗುತ್ತದೆ. ಫೈಲ್, ಪ್ರಾಪರ್ಟೀಸ್, ಫಾಂಟ್‌ಗೆ ಹೋಗಿ ‘ಎಂಬೆಡ್ ಫಾಂಟ್ಸ್’ ಗುರುತನ್ನೂ ಹಾಕಿ, ಲಾಬಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಸಾಲುಗಳು ಅಳತೆ ಮೀರುವುದಿಲ್ಲ.