ಬಾಕಿ ದುಡ್ಡು ಕಳಿಸುವ ಮುಂಚೆ: ತಪಾಸಣೆ ಸೇವೆ ಬಳಸಿದ ಆರು ವರ್ಷ

ತಕ್ಕಡಿಯ ಮೇಲೆ ಒಂದು ಬ್ಯಾಟರಿ ಸೆಲ್. ತಕ್ಕಡಿ ತೋರಿಸುತ್ತಿದ್ದದ್ದು 28 ಗ್ರಾಂ. ಸೆಲ್ ಮೇಲೆ ಅಚ್ಚಾಗಿದ್ದದ್ದು 2600 ಎಂಎಎಚ್ (ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವ ಅಳತೆ). ಹೊರದೇಶದ ಫ್ಯಾಕ್ಟರಿಯಿಂದ ನಾನು ತರಿಸುವ ಮಾಲನ್ನು ಅದು ಹೊರಡುವ ಮುಂಚೆ ಅಲ್ಲಿಗೇ ಹೋಗಿ ನೋಡುವ ತಪಾಸಣೆ ಸೇವೆಯೊಂದಿದೆ. ಆರು ವರ್ಷದ ಹಿಂದೆ ಅವರಿಂದ ನನಗೆ ಬಂದ ಮೊದಲ ವರದಿಯಲ್ಲಿದ್ದ ಫೋಟೋ ಇದು. ಸೇವೆಗೆ ಕೊಟ್ಟ ಶುಲ್ಕ ಅವತ್ತೇ ವಸೂಲಾಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆ ಸೆಲ್ 18650 ಅನ್ನುವ ಜಾತಿಯದು, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್. ಟಾರ್ಚು, ಸೈಕಲ್ ಲೈಟು, ಪವರ್ ಬ್ಯಾಂಕುಗಳಲ್ಲಿ ಸಿಗುತ್ತದೆ. ಒಳ್ಳೆ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ನಾನು ತರಿಸುತ್ತಿದ್ದದ್ದು ಸೈಕಲ್ ಲೈಟು, 1000 ಪೀಸು. ವರದಿ ನೋಡಿದವನೇ ನನ್ನ ಹತ್ತಿರ ಇದ್ದ ಸ್ಯಾಂಪಲ್ ಬಿಚ್ಚಿ ಅಡುಗೆಮನೆಯ ತಕ್ಕಡಿ ಮೇಲಿಟ್ಟೆ. 46 ಗ್ರಾಂ. ಅದೇ ಬಣ್ಣದ ಸುತ್ತು, ಅದೇ ಅಕ್ಷರ, ಅದೇ 2600. ಒಳಗಿನ ಮಾಲು ಮಾತ್ರ ಬೇರೆ. (ಆನ್‌ಲೈನ್‌ನಲ್ಲಿ ಇದೇ ಅಳತೆಯ ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದು ಮಾರುತ್ತಾರೆ. ಹೆಸರಾಂತ ಕಂಪನಿಗಳ ಸೆಲ್‌ಗಳೇ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಉಳಿದದ್ದು ಬರೀ ಬಣ್ಣದ ಪ್ಲಾಸ್ಟಿಕ್ಕು.)

ಹೊರದೇಶದಿಂದ ತರಿಸುವುದರಲ್ಲಿ ಮೋಸ ಅಂದರೆ ದುಡ್ಡು ತಗೊಂಡು ಮಾಯವಾಗುವುದು ಅಂತ ನಾನೂ ಅಂದುಕೊಂಡಿದ್ದೆ. ಅಂಥವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ನಾನು ಜಾಸ್ತಿ ಕಂಡದ್ದು ಇನ್ನೊಂದು ಥರ. ಕಂಪನಿ ನಿಜವೇ, ಮಾತಾಡುವವರೂ ನಿಜವೇ. ತಾಣದಲ್ಲಿ ಹಾಕಿದ ಫೋಟೋ ಒಂದು, ಕಳಿಸಿದ ಸ್ಯಾಂಪಲ್ ಇನ್ನೊಂದು, ಪೆಟ್ಟಿಗೆಯಲ್ಲಿ ಬರುವುದು ಮತ್ತೊಂದು. ಮೂರನೆಯದನ್ನು ದುಡ್ಡು ಕೊಡುವ ಮುಂಚೆ ನೋಡುವುದು ಹೇಗೆ? ಅದಕ್ಕೇ ಈ ಸೇವೆ.

ನಾನು ಬಳಸುವ ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಕೆಳಗೆ ದೂರುಗಳೂ ಇವೆ. ಈ ಕೆಲಸ ಮಾಡುವ ಕಂಪನಿಗಳು ಬೇಕಾದಷ್ಟಿವೆ, ಪದ್ಧತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಫ್ಯಾಕ್ಟರಿ ವಿಳಾಸ, ಆರ್ಡರ್ ವಿವರ, ಸ್ಯಾಂಪಲ್ ಫೋಟೋ ಕೊಡಬೇಕು. ಮಾಲು ಪೂರ್ತಿ ತಯಾರಾಗಿ, ಕಡಿಮೆ ಅಂದರೂ 80 ಪರ್ಸೆಂಟ್ ಪ್ಯಾಕ್ ಆದ ಮೇಲೆ ಇನ್‌ಸ್ಪೆಕ್ಟರ್ ಫ್ಯಾಕ್ಟರಿಗೆ ಹೋಗುತ್ತಾರೆ. ಪೆಟ್ಟಿಗೆ ಆರಿಸಿ, ತೆಗೆದು, ಅಳೆದು, ಫೋಟೋ ಹೊಡೆದು ವರದಿ ಕಳಿಸುತ್ತಾರೆ. ಶುಲ್ಕ ದಿನದ ಲೆಕ್ಕ, ಒಬ್ಬರಿಗೆ ಒಂದು ದಿನಕ್ಕೆ ಇಷ್ಟು ಅಂತ. ನನ್ನದು ಯಾವತ್ತೂ ಒಂದು ದಿನ ಮೀರಿಲ್ಲ.

ಆರು ವರ್ಷದಲ್ಲಿ 23 ಆರ್ಡರ್ ತಪಾಸಣೆ ಮಾಡಿಸಿದ್ದೇನೆ. ನಾಲ್ಕು ಮೊದಲ ಸಲ ಫೇಲ್ ಆದವು. ಆ ನಾಲ್ಕರಲ್ಲೂ ನಾನು ಬಚಾವಾದದ್ದಕ್ಕೆ ಅರ್ಧ ಕಾರಣ ತಪಾಸಣೆ, ಇನ್ನರ್ಧ ಪಾವತಿಯ ಕ್ರಮ. ನನ್ನ ಲೆಕ್ಕ 30–70. ಮುಂಗಡ 30 ಪರ್ಸೆಂಟ್, ಉಳಿದ 70 ವರದಿ ಪಾಸಾದ ಮೇಲೆ. ಇದನ್ನು ಬಾಯಿಮಾತಲ್ಲಿ ಬಿಡಬೇಡಿ, ಪರ್ಚೇಸ್ ಆರ್ಡರ್‌ನಲ್ಲೇ ಬರೆಯಿರಿ. ಫೇಲ್ ಆದರೆ ಮರುತಪಾಸಣೆ ಖರ್ಚು ಸಪ್ಲೈಯರ್‌ದು ಅಂತಲೂ ಬರೆಯಿರಿ. ಪೂರ್ತಿ ದುಡ್ಡು ಕೊಟ್ಟು ಆಮೇಲೆ ಇನ್‌ಸ್ಪೆಕ್ಟರ್ ಕಳಿಸಿದರೆ ನಿಮಗೆ ಸಿಗುವುದು ಒಂದು ಫೋಟೋ ಆಲ್ಬಂ, ಅಷ್ಟೇ.

28 ಗ್ರಾಂ ಫೋಟೋ ಕಳಿಸಿದಾಗ ಸಪ್ಲೈಯರ್ ಕಡೆಯಿಂದ ಬಂದ ಉತ್ತರ: "ಮೈ ಫ್ರೆಂಡ್, ಸೇಮ್ ಕ್ವಾಲಿಟಿ." 46 ಗ್ರಾಂ ಫೋಟೋ ಪಕ್ಕದಲ್ಲಿಟ್ಟು ಕಳಿಸಿದೆ. ಎರಡು ದಿನ ಸದ್ದಿಲ್ಲ. ಮೂರನೇ ದಿನ "ಪ್ಯಾಕಿಂಗ್‌ನವರ ತಪ್ಪು, ಬದಲಾಯಿಸುತ್ತೇವೆ" ಅಂದರು. ಬದಲಾಯಿಸಿದರು ಕೂಡ, ಎರಡನೇ ವರದಿಯಲ್ಲಿ ತೂಕ ಸರಿಯಾಗಿತ್ತು. 70 ಪರ್ಸೆಂಟ್ ನನ್ನ ಹತ್ತಿರವೇ ಇತ್ತಲ್ವಾ, ಇನ್ನೇನು ಮಾಡಿಯಾರು. ಅವರ ಹತ್ತಿರ ಮತ್ತೆ ಆರ್ಡರ್ ಕೊಟ್ಟಿಲ್ಲ.

ವರದಿ ಓದುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಇನ್‌ಸ್ಪೆಕ್ಟರ್ ಎಲ್ಲ ಪೀಸನ್ನೂ ನೋಡುವುದಿಲ್ಲ. ಐಎಸ್‌ಒ 2859-1 ಅನ್ನುವ ಮಾನದಂಡದ ಕೋಷ್ಟಕ ನೋಡಿ ಎಷ್ಟು ಪೀಸು ತೆಗೆಯಬೇಕು ಅಂತ ನಿರ್ಧರಿಸುತ್ತಾರೆ. ಸಾಮಾನ್ಯ ಮಟ್ಟದಲ್ಲಿ 1000 ಪೀಸಿನ ಲಾಟಿಗೆ 80 ಪೀಸು. ದೋಷದಲ್ಲಿ ಮೂರು ಜಾತಿ: ಕ್ರಿಟಿಕಲ್ (ಅಪಾಯ ತರುವಂಥದ್ದು), ಮೇಜರ್ (ಗಿರಾಕಿ ಒಪ್ಪದಂಥದ್ದು), ಮೈನರ್ (ಸಣ್ಣ ಕುಂದು). ಎಷ್ಟು ದೋಷ ಸಹಿಸಬಹುದು ಅನ್ನುವುದಕ್ಕೆ ಎಕ್ಯೂಎಲ್ ಅನ್ನುವ ಮಿತಿ ಮೇಜರ್‌ಗೆ 2.5, ಮೈನರ್‌ಗೆ 4.0 ಅಂತ ಇಡುವುದು ರೂಢಿ. ಆ ಮಿತಿಗೆ ಕೋಷ್ಟಕದ ಪ್ರಕಾರ 80ರಲ್ಲಿ 5 ಮೇಜರ್ ದೋಷದವರೆಗೂ ಪಾಸು, 6 ಆದರೆ ಫೇಲು. ಕ್ರಿಟಿಕಲ್‌ಗೆ ಸೊನ್ನೆ, ಒಂದು ಸಿಕ್ಕರೂ ಫೇಲು. ಪಾಸಾಯಿತು ಅಂದರೆ ಎಲ್ಲ ಪೀಸೂ ಚೆನ್ನಾಗಿದೆ ಅಂತಲ್ಲ. ನಾನು ಮೊದಲು ಹಾಗೇ ತಿಳಿದು, ಕೆಟ್ಟ ಪೀಸು ಸಿಕ್ಕಾಗ ಸುಮ್ನೆ ತಪಾಸಣೆ ಕಂಪನಿಯವರ ಜೊತೆ ಜಗಳ ಆಡಿದ್ದೆ.

ಇನ್ನೊಂದು ವಿಷಯ. ಅವರು ಕೊಡುವ ರೆಡಿಮೇಡ್ ಚೆಕ್‌ಲಿಸ್ಟ್ ನಂಬಿ ಕೂರಬೇಡಿ. ಅದರಲ್ಲಿ ಇರುವುದು ಗೀರು, ಬಣ್ಣ, ಬಾರ್‌ಕೋಡ್, ಪೆಟ್ಟಿಗೆ ಬೀಳಿಸಿ ನೋಡುವುದು, ಇಂಥವು. ನಿಮ್ಮ ಮಾಲಿನಲ್ಲಿ ಕದಿಯುವವನು ಎಲ್ಲಿ ಕದಿಯುತ್ತಾನೆ ಅನ್ನುವುದು ನಿಮಗೆ ಗೊತ್ತಿರಬೇಕು. ಬ್ಯಾಟರಿ ಇದ್ದರೆ ತೂಕ ಮತ್ತು ಚಾರ್ಜು. ಬಟ್ಟೆ ಆದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವುದು. ಕೇಬಲ್ ಆದರೆ ಒಳಗೆ ತಾಮ್ರ ಇದೆಯೋ, ತಾಮ್ರ ಬಳಿದ ಅಲ್ಯೂಮಿನಿಯಮ್ಮೋ. ಮೊದಲ ಸಲ ನಾನು "ಒಂದು ಪೀಸು ಬಿಚ್ಚಿ ಒಳಗಡೆ ಫೋಟೋ ತೆಗೆಯಿರಿ" ಅಂತ ಮಾತ್ರ ಬರೆದಿದ್ದೆ. ಸೆಲ್ಲನ್ನು ತಕ್ಕಡಿ ಮೇಲಿಟ್ಟದ್ದು ಆ ಇನ್‌ಸ್ಪೆಕ್ಟರ್ ತಾವಾಗಿಯೇ. ಆ ಪುಣ್ಯಾತ್ಮ ಯಾರೋ, ಆಮೇಲೆ ಒಂದು ಸಲವೂ ಅವರು ನನ್ನ ಆರ್ಡರಿಗೆ ಬಂದಿಲ್ಲ. ಈಗ ಪ್ರತಿ ಸಲ ನಾನೇ ಬರೆಯುತ್ತೇನೆ: ಐದು ಪೀಸು ಬಿಚ್ಚಿ, ತೂಕ ಹಾಕಿ, ಅಂಕಿ ಕಾಣುವಂತೆ ಫೋಟೋ ತೆಗೆಯಿರಿ.

ಇನ್ನು ದೂರುಗಳು. ನಾಲ್ಕನೇ ವರ್ಷದ ಒಂದು ವರದಿ ಪಾಸಾಗಿತ್ತು. ಫೋಟೋ ನೋಡುತ್ತಾ ಕೂತಾಗ ಪೆಟ್ಟಿಗೆ ಸಂಖ್ಯೆಗಳ ಮೇಲೆ ಕಣ್ಣು ಬಿತ್ತು. 1, 2, 3, 4, 5, 6, 7. ಒಟ್ಟು 50 ಪೆಟ್ಟಿಗೆ ಇದ್ದವು. ಅಲ್ಲಲ್ಲಿಂದ ಆರಿಸಬೇಕಾದ ಮನುಷ್ಯ ಬಾಗಿಲ ಹತ್ತಿರ ಜೋಡಿಸಿಟ್ಟ ಏಳು ಪೆಟ್ಟಿಗೆ ತೆಗೆದು ಮುಗಿಸಿದ್ದರು. ಫ್ಯಾಕ್ಟರಿಯವರು ಒಳ್ಳೆ ಮಾಲನ್ನು ಮುಂದೆ ಇಡದೆ ಹಿಂದೆ ಇಡುತ್ತಾರಾ? ದೂರು ಕೊಟ್ಟೆ, ಬೇರೆಯವರನ್ನು ಬಿಟ್ಟಿಯಾಗಿ ಕಳಿಸಿದರು. ಹಿಂದಿನ ಸಾಲಿನಲ್ಲಿ ಒಂದಿಡೀ ಪೆಟ್ಟಿಗೆ ಹಳೇ ಡಿಸೈನಿನ ಮಾಲು ಸಿಕ್ಕಿತು. ಅಲ್ಲಿಂದ ಈಚೆಗೆ ತೆಗೆಯಬೇಕಾದ ಪೆಟ್ಟಿಗೆ ಸಂಖ್ಯೆ ನಾನೇ ಆರಿಸಿ ಕಳಿಸುತ್ತೇನೆ, ಇನ್‌ಸ್ಪೆಕ್ಟರ್ ಒಳಗೆ ಕಾಲಿಟ್ಟ ಮೇಲೆ ನೋಡಲಿ ಅಂತ. ನೋಡಿದ ಪೆಟ್ಟಿಗೆಗೆ ಸಹಿ ಇರುವ ಟೇಪು ಅಂಟಿಸಲು ಹೇಳುತ್ತೇನೆ. ತಪಾಸಣೆ ಮುಗಿದ ಮೇಲೆ ಮಾಲು ಬದಲಾಯಿಸುವವರೂ ಇದ್ದಾರೆ.

ಪಾಸೂ ಅಲ್ಲ ಫೇಲೂ ಅಲ್ಲ, "ಪೆಂಡಿಂಗ್" ಅಂತ ಬರೆದು ಜಾರಿಕೊಳ್ಳುವ ಚಾಳಿಯೂ ಇದೆ. ಕೊನೆಗೆ ತೀರ್ಮಾನ ನಮ್ಮದೇ.

ಈ ಸೇವೆ ಕಾಪಾಡಲಾಗದ ಒಂದು ಜಾಗ ಇದೆ. ಅಲ್ಲೇ ನಾನು ಬೀಳುವುದರಲ್ಲಿದ್ದೆ. ಮೂರನೇ ವರ್ಷ, ಹಳೇ ಸಪ್ಲೈಯರ್, ಐದನೇ ಆರ್ಡರ್. ಬೆಳಿಗ್ಗೆ ವರದಿ ಪಾಸಾಯಿತು, ಅದನ್ನು ಇಮೇಲ್‌ನಲ್ಲಿ ಅವರಿಗೂ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು: ನಮ್ಮ ಖಾತೆಯ ಆಡಿಟ್ ನಡೆಯುತ್ತಿದೆ, ಬಾಕಿ ಹಣ ಈ ಹೊಸ ಖಾತೆಗೆ ಹಾಕಿ. ಕೆಳಗೆ ಅದೇ ಸಹಿ, ಅದೇ ಲೋಗೋ, ನಮ್ಮ ಹಳೆ ಮಾತುಕತೆ ಪೂರ್ತಿ. ಬ್ಯಾಂಕಿನ ಫಾರಂ ತುಂಬುವಾಗ ಸ್ವಿಫ್ಟ್ ಕೋಡ್ (ದುಡ್ಡು ಹೋಗುವ ಬ್ಯಾಂಕನ್ನು ಗುರುತಿಸುವ ಕೋಡು) ಹತ್ತಿರ ಕೈ ನಿಂತಿತು. ಆ ಕೋಡಿನ ಐದನೇ ಮತ್ತು ಆರನೇ ಅಕ್ಷರ ಬ್ಯಾಂಕ್ ಯಾವ ದೇಶದ್ದು ಅಂತ ಹೇಳುತ್ತವೆ. ಸಪ್ಲೈಯರ್ ಇರುವುದು ಏಷ್ಯಾದಲ್ಲಿ, ಈ ಖಾತೆ ಯೂರೋಪಿನ ಒಂದು ದೇಶದ್ದು. ಆಮೇಲೆ ಇಮೇಲ್ ವಿಳಾಸ ದೊಡ್ಡದು ಮಾಡಿ ನೋಡಿದೆ. ಇಂಗ್ಲಿಷಿನ "ಎಂ" ಇರಬೇಕಾದಲ್ಲಿ "ಆರ್" ಮತ್ತು "ಎನ್" ಅಂಟಿಕೊಂಡು ಕೂತಿದ್ದವು. ಸಣ್ಣ ಅಕ್ಷರದಲ್ಲಿ ದೇವರಾಣೆಗೂ ವ್ಯತ್ಯಾಸ ಕಾಣುವುದಿಲ್ಲ.

ಹಳೇ ನಂಬರಿಗೆ ವಿಡಿಯೋ ಕಾಲ್ ಮಾಡಿದೆ. ಸೇಲ್ಸ್‌ನ ಹುಡುಗಿ ಗಾಬರಿಯಾದಳು. ಖಾತೆ ಬದಲಾಗಿಯೇ ಇರಲಿಲ್ಲ. ಅವರ ಇಮೇಲಿಗೆ ಯಾರೋ ನುಗ್ಗಿ ತಿಂಗಳುಗಟ್ಟಲೆ ಎಲ್ಲ ಓದುತ್ತಿದ್ದರು, ನನ್ನ "ಪಾಸ್" ಅನ್ನುವ ಮಾತಿಗೇ ಕಾಯುತ್ತಿದ್ದರು. ಬ್ಯಾಂಕಿಂದ ಬ್ಯಾಂಕಿಗೆ ವೈರ್ ಟ್ರಾನ್ಸ್‌ಫರ್‌ನಲ್ಲಿ ಹೋದ ದುಡ್ಡು ವಾಪಸ್ ಬರುವುದು ಬಹಳ ಅಪರೂಪ. ಈಗ ಖಾತೆಯ ವಿವರ ಪರ್ಚೇಸ್ ಆರ್ಡರ್‌ನಲ್ಲೇ ಇರುತ್ತದೆ. ಬದಲಾವಣೆ ಅಂತ ಬಂದರೆ ನನಗೆ ಮೊದಲೇ ಗೊತ್ತಿರುವ ನಂಬರಿಗೆ ನಾನೇ ಫೋನ್ ಮಾಡುತ್ತೇನೆ, ಇಮೇಲ್‌ನಲ್ಲಿರುವ ನಂಬರಿಗಲ್ಲ. ಖಾತೆಯ ಹೆಸರು ಕಂಪನಿಯ ಹೆಸರೇ ಆಗಿರಬೇಕು. "ನಮ್ಮ ಮ್ಯಾನೇಜರ್ ಖಾತೆಗೆ ಹಾಕಿ" ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಇದೇ ತಪಾಸಣೆ ಕಂಪನಿಯ ಫ್ಯಾಕ್ಟರಿ ಆಡಿಟ್ ಅನ್ನೂ (ಸಪ್ಲೈಯರ್ ಹೇಳುವ ಫ್ಯಾಕ್ಟರಿ ನಿಜವಾಗಿ ಇದೆಯಾ ಅಂತ ಹೋಗಿ ನೋಡುವುದು) ಎರಡು ಸಲ ತಗೊಂಡೆ. ಒಂದರಲ್ಲಿ "20 ವರ್ಷದ ಫ್ಯಾಕ್ಟರಿ" ಅಂದವರ ವಿಳಾಸದಲ್ಲಿ ನಾಲ್ಕು ಮೇಜಿನ ಆಫೀಸು ಸಿಕ್ಕಿತು. ಮಧ್ಯವರ್ತಿ ಆಗಿರುವುದು ತಪ್ಪಲ್ಲ, ಸುಳ್ಳು ಹೇಳಿದ್ದು ತಪ್ಪು. ಆಡಿಟ್‌ಗೆ ದುಡ್ಡು ಖರ್ಚು ಮಾಡುವ ಮುಂಚೆ ಬಿಟ್ಟಿಯಾಗಿ ಮಾಡಬಹುದಾದ ಕೆಲಸ ಇದೆ. ಚೀನಾದ ಕಂಪನಿ ಆದರೆ ಬಿಸಿನೆಸ್ ಲೈಸೆನ್ಸ್ ಕೇಳಿ. ಅದರಲ್ಲಿ 18 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಅಲ್ಲಿನ ಸರ್ಕಾರದ ಕಂಪನಿ ಮಾಹಿತಿ ತಾಣದಲ್ಲಿ ಹುಡುಕಬಹುದು. ಕಂಪನಿಯ ಅಧಿಕೃತ ಹೆಸರು ಚೀನೀ ಲಿಪಿಯಲ್ಲಿರುವುದು ಮಾತ್ರ, ಇಂಗ್ಲಿಷ್ ಹೆಸರು ಅವರು ಇಟ್ಟುಕೊಂಡದ್ದು. ಮಾರಾಟ ತಾಣಗಳಲ್ಲಿ ಹೆಸರಿನ ಪಕ್ಕ ಮಿಂಚುವ ಕೆಲವು ಬ್ಯಾಡ್ಜು ವಾರ್ಷಿಕ ಚಂದಾ ಕಟ್ಟಿದ್ದಕ್ಕೆ ಸಿಗುವಂಥವು, ಅದಕ್ಕೂ ನಂಬಿಕೆಗೂ ಸಂಬಂಧ ಇಲ್ಲ.

ಯಾರಿಗೆ ಈ ಸೇವೆ ಬೇಡ? ಒಂದೋ ಎರಡೋ ಪೀಸು ತರಿಸುವವರಿಗೆ. ಮಾಲಿಗಿಂತ ತಪಾಸಣೆಯೇ ದುಬಾರಿ ಆಗುತ್ತದೆ. ಅವರಿಗೆ ಕ್ರೆಡಿಟ್ ಕಾರ್ಡೋ, ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಸೇವೆಯೋ ಸಾಕು. ಪೇಪಾಲ್‌ನಲ್ಲಿ ದೂರು ಎತ್ತಲು ಪಾವತಿಯಿಂದ 180 ದಿನ ಸಮಯ ಇದೆ. ಆದರೆ ಸ್ನೇಹಿತರಿಗೆ ಕಳಿಸುವ ಬಗೆಯಲ್ಲಿ ಕಳಿಸಿದರೆ ಆ ರಕ್ಷಣೆ ಇಲ್ಲ, ಮೋಸಗಾರರು ಅದನ್ನೇ ಕೇಳುವುದು. "ಇನ್ನೊಂದು ವಾರ ತಾಳಿ, ಕಸ್ಟಮ್ಸ್‌ನಲ್ಲಿದೆ" ಅಂತ ಗಡುವು ದಾಟಿಸುವ ಆಟವೂ ಹಳೆಯದೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಏಳು ಪೆಟ್ಟಿಗೆಗೆ. ಮುಂದಿನ ವಾರ 24ನೇ ತಪಾಸಣೆ ಇದೆ, ಹೊಸ ಸಪ್ಲೈಯರ್. ಸ್ಯಾಂಪಲ್ ನೋಡಲು ಬಹಳ ಚೆನ್ನಾಗಿದೆ. ಅದರ ಸೆಲ್ 47 ಗ್ರಾಂ, ಬರೆದಿಟ್ಟುಕೊಂಡಿದ್ದೇನೆ.