ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್: ಮೂರು ವರ್ಷ ಬಳಸಿ, ಬಿಚ್ಚಿ ತೊಳೆದ ಮೇಲೆ

ಮೂರು ವರ್ಷಗಳ ಹಿಂದೆ ಮೈಸೂರಿನ ನಮ್ಮ ಮನೆಗೆ ತಂದ ವ್ಯಾಕ್ಯೂಮ್ ಕ್ಲೀನರಿನ ಬಗ್ಗೆ ಇಷ್ಟು ತಡವಾಗಿ ಬರೆಯುವುದಕ್ಕೆ ಕಾರಣವಿದೆ. ಕೊಂಡ ವಾರವೇ ಬರೆದಿದ್ದರೆ ಕಣ್ಣು ಮುಚ್ಚಿ ಹೊಗಳುತ್ತಿದ್ದೆ. ಎರಡನೆಯ ವರ್ಷದ ಕೊನೆಯಲ್ಲಿ ಬರೆದಿದ್ದರೆ ಯಾರೂ ಕೊಳ್ಳಬೇಡಿ ಎನ್ನುತ್ತಿದ್ದೆ. ಎರಡೂ ಅಭಿಪ್ರಾಯಗಳು ತಪ್ಪಾಗಿರುತ್ತಿದ್ದವು ಎಂಬುದು ಯಂತ್ರವನ್ನು ನಾನೇ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಜೋಡಿಸಿದ ಮೇಲೆ ತಿಳಿಯಿತು. ನಮ್ಮದು ಉದ್ದ ಕೊಳವೆಯಿದ್ದು, ಎಳೆದತ್ತ ಚಕ್ರಗಳ ಮೇಲೆ ಉರುಳಿ ಬರುವ ಮಾದರಿ. 1600 ವಾಟ್ ಮೋಟಾರು, 2 ಲೀಟರ್ ಹಿಡಿಸುವ ಧೂಳಿನ ಡಬ್ಬಿ. ಮಧ್ಯಮ ಬೆಲೆಯ ಇಂಥ ಯಂತ್ರಗಳ ಒಳರಚನೆ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ, ಕಂಪನಿಯ ಹೆಸರನ್ನು ಬಿಟ್ಟು ರಚನೆಯ ಬಗ್ಗೆಯೇ ಬರೆಯುತ್ತೇನೆ.

ನಾವು ಇದನ್ನು ಕೊಂಡದ್ದು ಅಮ್ಮನ ಉಬ್ಬಸಕ್ಕಾಗಿ. ಪೊರಕೆಯಿಂದ ಗುಡಿಸಿದಾಗ ಏಳುವ ಧೂಳು ಅವರಿಗೆ ರಾತ್ರಿಯಿಡೀ ಕೆಮ್ಮು ತರಿಸುತ್ತಿತ್ತು. ಮೊದಲು ಮನೆಯಲ್ಲಿದ್ದದ್ದು ಬಟ್ಟೆಯ ಚೀಲದ ಹಳೆಯ ಯಂತ್ರ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಕಂಪನಿಯ ಮಾರಾಟಗಾರರು ಮನೆಮನೆಗೆ ಬಂದು, ಹಾಸಿಗೆಯಿಂದ ಧೂಳೆಳೆದು ತೋರಿಸಿ ಮಾರುತ್ತಿದ್ದ ಕಾಲದಿಂದ ನಮ್ಮ ಊರುಗಳ ಅನೇಕ ಕುಟುಂಬಗಳಿಗೆ ವ್ಯಾಕ್ಯೂಮ್ ಕ್ಲೀನರ್ ಎಂದರೆ ಚೀಲವಿರುವ ಯಂತ್ರವೇ ಆಗಿತ್ತು. ಚೀಲದ ಬಟ್ಟೆಯ ಸಂದುಗಳಲ್ಲಿ ಧೂಳು ಕೂತಂತೆ ಗಾಳಿಯ ಹಾದಿ ಮುಚ್ಚುತ್ತದೆ, ಎಳೆತ ಕುಗ್ಗುತ್ತದೆ. ಈ ತೊಂದರೆಗೆ ಪರಿಹಾರವಾಗಿ ಇಂಗ್ಲೆಂಡಿನ ಜೇಮ್ಸ್ ಡೈಸನ್ ಅವರು ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಹೊಟ್ಟನ್ನು ಗಾಳಿಯಿಂದ ಬೇರ್ಪಡಿಸಲು ಬಳಸುತ್ತಿದ್ದ ಸುಳಿಗಾಳಿಯ ವಿಧಾನವನ್ನು ಮನೆಯ ಯಂತ್ರಕ್ಕೆ ಒಗ್ಗಿಸಿದರು. 5127 ಮಾದರಿಗಳನ್ನು ಮಾಡಿ ನೋಡಿದ ಮೇಲೆ ಅದು ಅವರಿಗೆ ಕೈಗೂಡಿತು. 1993ರಲ್ಲಿ ಅವರ ಸ್ವಂತ ಕಂಪನಿಯ ಮೊದಲ ಯಂತ್ರ ಮಾರುಕಟ್ಟೆಗೆ ಬಂತು. ಇಂದು ಚೀಲವಿಲ್ಲದೆ ಮಾರಾಟವಾಗುವ ಯಂತ್ರಗಳೆಲ್ಲ ಹೆಚ್ಚುಕಡಿಮೆ ಅದೇ ತತ್ವದ ಮೇಲೆ ನಡೆಯುತ್ತವೆ.

ಕಣದಲ್ಲಿ ರಾಶಿ ತೂರುವಾಗ ಗಾಳಿ ಹೊಟ್ಟನ್ನು ಒಯ್ಯುತ್ತದೆ, ಕಾಳು ಕಾಲ ಬಳಿ ಬೀಳುತ್ತದೆ. ಇಲ್ಲಿಯೂ ನಡೆಯುವುದು ತೂಕದ ವಿಂಗಡಣೆಯೇ. ಡಬ್ಬಿಯೊಳಕ್ಕೆ ಓರೆಯಾಗಿ ನುಗ್ಗಿದ ಗಾಳಿ ಗೋಡೆಗುಂಟ ಸುತ್ತುತ್ತದೆ. ಭಾರವಾದ ಕಸ ಗೋಡೆಗೆ ತಾಗಿ ತಳಕ್ಕೆ ಇಳಿಯುತ್ತದೆ. ಉಳಿದ ಗಾಳಿ ನಡುವಿನ ತೂತುತೂತಿನ ಜಾಲರಿಯ ಮೂಲಕ ಮೇಲೇರಿ, ಮೋಟಾರಿಗೆ ಮುಂಚೆ ಇರುವ ಸ್ಪಂಜಿನ ಫಿಲ್ಟರನ್ನು, ಆಮೇಲೆ ಮೋಟಾರನ್ನು, ಕೊನೆಗೆ ಹೊರಗಾಳಿಯ ಬಾಯಲ್ಲಿರುವ ಮಡಿಕೆಮಡಿಕೆಯ ಫಿಲ್ಟರನ್ನು ಹಾದು ಕೋಣೆಗೆ ಮರಳುತ್ತದೆ. ಚೀಲವಿಲ್ಲ ಎಂದ ಮಾತ್ರಕ್ಕೆ ಸೋಸುವ ಕೆಲಸ ಇಲ್ಲವಾಗುವುದಿಲ್ಲ, ಅದು ಈ ಮೂರು ಕಡೆ ಹಂಚಿಹೋಗಿರುತ್ತದೆ. ಅಂಗಡಿಯಲ್ಲಿ ನನಗೆ ಇದನ್ನು ಯಾರೂ ಹೇಳಲಿಲ್ಲ. ತುಂಬಿದಾಗ ಡಬ್ಬಿಯನ್ನು ಬರಿದು ಮಾಡಿದರೆ ಸಾಕು ಎಂದು ಹೇಳಿ ಮಾರಿದರು. ಎರಡು ವರ್ಷ ನಾವು ಅಷ್ಟನ್ನೇ ಮಾಡಿದೆವು.

ಕಳೆದ ದಸರೆಗೆ ಮುಂಚೆ, ಗೊಂಬೆ ಕೂರಿಸಲೆಂದು ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿ ಮನೆ ಸ್ವಚ್ಛ ಮಾಡುತ್ತಿದ್ದಾಗ ಯಂತ್ರದ ದನಿ ಇದ್ದಕ್ಕಿದ್ದಂತೆ ಕೀರಲಾಯಿತು, ಎಳೆತ ಬಿತ್ತು, ಸ್ವಲ್ಪ ಹೊತ್ತಿನಲ್ಲಿ ಮೋಟಾರು ತಾನಾಗಿಯೇ ನಿಂತಿತು. ಮುಕ್ಕಾಲು ಗಂಟೆ ಬಿಟ್ಟು ಹಾಕಿದರೆ ಓಡಿ ಮತ್ತೆ ನಿಂತಿತು. ದುರಸ್ತಿ ಕೇಂದ್ರಕ್ಕೆ ಫೋನ್ ಮಾಡಿದಾಗ, ಯಂತ್ರವನ್ನು ನೋಡದೆಯೇ, ಮೋಟಾರು ಬದಲಿಸಬೇಕಾಗುತ್ತದೆ ಎಂದರು. ಅವರು ಹೇಳಿದ ಮೊತ್ತ ಯಂತ್ರದ ಬೆಲೆಯ ಅರ್ಧದಷ್ಟಿತ್ತು. ದನಿ ಕೀರಲಾಗುವುದು ಮೋಟಾರು ಕೆಟ್ಟಿರುವುದರ ಗುರುತೇ ಆಗಬೇಕಿಲ್ಲ. ಹಾದಿ ಮುಚ್ಚಿ ಗಾಳಿ ಕಡಿಮೆಯಾದಾಗ ಫ್ಯಾನಿಗೆ ತಳ್ಳಲು ಹೊರೆ ಇರುವುದಿಲ್ಲ, ಆದ್ದರಿಂದ ಅದು ಇನ್ನೂ ವೇಗವಾಗಿ ತಿರುಗುತ್ತದೆ. ಇಂಥ ಯಂತ್ರಗಳಲ್ಲಿ ಮೋಟಾರನ್ನು ತಣಿಸುವುದೂ ಅದೇ ಗಾಳಿಯಾದ್ದರಿಂದ, ಗಾಳಿ ನಿಂತರೆ ಬಿಸಿಯೇರುತ್ತದೆ. ಸುಟ್ಟುಹೋಗದಂತೆ ಒಳಗಿನ ಸುರಕ್ಷತಾ ಸ್ವಿಚ್ಚು ವಿದ್ಯುತ್ತನ್ನು ಕಡಿದುಹಾಕುತ್ತದೆ. ನಮ್ಮ ಯಂತ್ರ ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಮರುದಿನ ಬೆಳಿಗ್ಗೆ ಪ್ಲಗ್ ಕಿತ್ತು, ಹಿತ್ತಲಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ ಕೂತೆ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಒಂದೊಂದು ಭಾಗ ತೆಗೆಯುವ ಮುಂಚೆಯೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಜೋಡಿಸುವಾಗ ಜಾಲರಿ ಯಾವ ಮುಖವಾಗಿ ಕೂರಬೇಕೆಂಬ ಅನುಮಾನ ಬಂದಾಗ ಆ ಫೋಟೋಗಳೇ ನೆರವಿಗೆ ಬಂದವು. ಈ ಮಾದರಿಯ ಬಗ್ಗೆ ನನ್ನ ಮೊದಲ ಮೆಚ್ಚುಗೆ ಇಲ್ಲಿಯೇ ಹುಟ್ಟಿತು: ಡಬ್ಬಿ, ಜಾಲರಿ, ಎರಡು ಫಿಲ್ಟರುಗಳು, ಇಷ್ಟೂ ಯಾವ ಉಪಕರಣವೂ ಇಲ್ಲದೆ ಕೈಯಿಂದಲೇ ಬಿಚ್ಚಿಕೊಳ್ಳುತ್ತವೆ. ಜಾಲರಿಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಕೆಳಕ್ಕೆ ಎಳೆದರೆ ಬರುತ್ತದೆ. ಆದರೆ ಡಬ್ಬಿಯ ಮುಚ್ಚಳದ ಚಿಲಕ ತೀರ ತೆಳುವಾದ ಪ್ಲಾಸ್ಟಿಕ್ಕಿನದು. ಒಂದು ಕೊಕ್ಕೆ ಆಗಲೇ ಬಿರುಕು ಬಿಟ್ಟಿತ್ತು. ದಿನವೂ ತೆರೆದು ಮುಚ್ಚಬೇಕಾದ ಭಾಗಕ್ಕೆ ಇಷ್ಟು ದುರ್ಬಲವಾದ ಕೊಕ್ಕೆ ಇಟ್ಟದ್ದು ಒಪ್ಪತಕ್ಕದ್ದಲ್ಲ.

ಜಾಲರಿಯ ಸುತ್ತ ಕಂಡದ್ದು ಮೈಸೂರಿನ ಮನೆಯೊಂದರ ಎರಡು ವರ್ಷಗಳ ದಿನಚರಿ. ಎಣ್ಣೆ ಹಚ್ಚಿದ ಉದ್ದ ಕೂದಲು, ಮಲ್ಲಿಗೆ ದಂಡೆಯಿಂದ ಬಿಚ್ಚಿಕೊಂಡ ಬಾಳೆನಾರು, ದೇವರ ಮನೆಯ ಊದುಬತ್ತಿಯ ಬೂದಿ, ಹಾಸಿಗೆಯ ಹತ್ತಿಯ ನೂಲು, ಎಲ್ಲವೂ ಹೆಣೆದುಕೊಂಡು ಕಂಬಳಿಯಂತಾಗಿದ್ದವು. ಎಣ್ಣೆಗೂದಲಿಗೆ ಅಂಟಿದ ಬೂದಿಯನ್ನು ಯಾವ ಸುಳಿಗಾಳಿಯೂ ಬಿಡಿಸಲಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ ತೆಗೆದು, ಆಮೇಲೆ ತೊಳೆದೆ. ಮೊದಲೇ ನೀರು ಹಾಕಿದರೆ ಬೂದಿ ಕೆಸರಾಗಿ ತೂತುಗಳಲ್ಲಿ ಗಟ್ಟಿಯಾಗುತ್ತದೆ. ಡಬ್ಬಿಗೆ ಉಗುರುಬೆಚ್ಚಗಿನ ನೀರು ಸಾಕು. ಕುದಿಯುವ ನೀರು, ಥಿನ್ನರ್, ಪೆಟ್ರೋಲ್ ತಾಗಿಸಿದರೆ ಪಾರದರ್ಶಕ ಪ್ಲಾಸ್ಟಿಕ್ ಮಂಕಾಗಿ ಬಿರುಕು ಬಿಡಬಹುದು. ಡಬ್ಬಿಯ ಬಾಯಲ್ಲಿರುವ ರಬ್ಬರ್ ಬಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅದರ ಮೇಲೆ ಒಂದು ಪದರ ಧೂಳು ಕೂತರೂ ಗಾಳಿ ಸೋರಿ ಎಳೆತ ಕುಗ್ಗುತ್ತದೆ. ಮೆತ್ತಗಾಗಲೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಅದು ಬೇಡ. ಎಣ್ಣೆ ಧೂಳನ್ನು ಹಿಡಿಯುತ್ತದೆ, ರಬ್ಬರನ್ನೂ ಉಬ್ಬಿಸುತ್ತದೆ.

ನಿಜವಾದ ಅಪರಾಧಿ ಸಿಕ್ಕಿದ್ದು ಸ್ಪಂಜಿನ ಫಿಲ್ಟರಿನಲ್ಲಿ. ಅದು ಮೂಲದಲ್ಲಿ ನೀಲಿ ಬಣ್ಣದ್ದೆಂಬುದೇ ಮರೆತುಹೋಗಿತ್ತು. ಬೂದಿಬಣ್ಣಕ್ಕೆ ತಿರುಗಿ, ಹಿಸುಕಿದರೆ ಬಿಳಿಯ ಹುಡಿ ಉದುರುತ್ತಿತ್ತು. ಆ ಹುಡಿ ರಂಗೋಲಿಯದು. ಹಬ್ಬ ಮುಗಿದ ಮೇಲೆ ನಡುಮನೆಯ ರಂಗೋಲಿಯನ್ನು ಯಂತ್ರದಿಂದಲೇ ಎಳೆಯುತ್ತಿದ್ದೆವು. ರಂಗೋಲಿಪುಡಿ ಎಂದರೆ ನುಣ್ಣಗೆ ಬೀಸಿದ ಕಲ್ಲು. ಅದರ ಅತಿ ಸಣ್ಣ ಕಣಗಳು ಸುಳಿಯಲ್ಲಿ ಕೆಳಗಿಳಿಯದೆ ಗಾಳಿಯೊಂದಿಗೇ ಮೇಲೇರಿ ಸ್ಪಂಜಿನ ಪ್ರತಿ ರಂಧ್ರವನ್ನೂ ತುಂಬುತ್ತವೆ. ಗೋಡೆ ಕೊರೆದ ಸಿಮೆಂಟು ಹುಡಿ, ವಿಭೂತಿ, ಅರಿಸಿನ, ಮೈದಾ ಹಿಟ್ಟಿಗೂ ಇದೇ ಮಾತು. ಇವನ್ನು ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಕೊಳ್ಳುವವರಿಗೆ ಕಂಪನಿಗಳು ಕೊಡುವ ಕೈಪಿಡಿಯಲ್ಲಿ ಸಿಮೆಂಟಿನ ಬಗ್ಗೆ ಎಚ್ಚರಿಕೆ ಇರುತ್ತದೆ. ನಮ್ಮ ಹೊಸಿಲುಗಳಲ್ಲಿ ದಿನಾ ಬೀಳುವ ರಂಗೋಲಿಯ ಬಗ್ಗೆ ನಮ್ಮ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ.

ಸ್ಪಂಜನ್ನು ಸಾಬೂನಿಲ್ಲದೆ, ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ಮೆಲ್ಲಗೆ ಹಿಸುಕಬೇಕು. ಬಟ್ಟೆಯಂತೆ ಹಿಂಡಿ ತಿರುಚಿದರೆ ಹರಿಯುತ್ತದೆ. ತಿಳಿನೀರು ಬರುವ ತನಕ, ನಮ್ಮದಕ್ಕೆ ಹನ್ನೊಂದು ಸಲ, ತೊಳೆಯಬೇಕಾಯಿತು. ಸಾಬೂನಿನ ಪುಡಿ ಬಳಸಿದರೆ ಅದರ ಶೇಷ ಒಳಗುಳಿದು ಮುಂದೆ ಧೂಳನ್ನು ಅಂಟಿಸಿಕೊಳ್ಳುತ್ತದೆ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು, ಜನ ಅತಿ ಹೆಚ್ಚು ಅವಸರಪಡುವುದು, ಒಣಗಿಸುವ ಹಂತದಲ್ಲಿ. ಕೈಪಿಡಿಗಳು 24 ಗಂಟೆ ಎನ್ನುತ್ತವೆ. ಬೇಸಿಗೆಯಲ್ಲಿ ಅದು ಸಾಕು; ಆದರೆ ಮೋಡ ಕವಿದ ದಿನಗಳಲ್ಲಿ ಮುಟ್ಟಿದರೆ ಒಣಗಿದಂತೆ ತೋರುವ ಸ್ಪಂಜಿನ ಒಡಲಲ್ಲಿ ಪಸೆ ಇರುತ್ತದೆ. ಎರಡು ಪದರ ಕಾಗದದ ನಡುವೆ ಒತ್ತಿ ನೋಡಿ, ಕಾಗದ ಕಿಂಚಿತ್ತೂ ಒದ್ದೆಯಾಗಬಾರದು. ನಾನು ನೆರಳಿನಲ್ಲಿ, ಗಾಳಿಯಾಡುವ ಕಿಟಕಿಯ ಬಳಿ 48 ಗಂಟೆ ಬಿಟ್ಟೆ. ಹಸಿ ಫಿಲ್ಟರ್ ಹಾಕಿ ಓಡಿಸಿದರೆ ಧೂಳು ಕೆಸರಾಗುತ್ತದೆ, ತೇವ ಮೋಟಾರಿಗೆ ಹೋಗುತ್ತದೆ, ಬೂಷ್ಟು ಹಿಡಿದು ಮನೆಯೆಲ್ಲ ಮುಗ್ಗಲು ವಾಸನೆ ಹರಡುತ್ತದೆ. ಉಬ್ಬಸವಿರುವವರಿಗೆ ಬೂಷ್ಟು ಧೂಳಿನಷ್ಟೇ ಕೆಟ್ಟದ್ದು.

ಹೊರಗಾಳಿಯ ಫಿಲ್ಟರಿನ ವಿಷಯದಲ್ಲಿ ತೊಳೆಯುವ ಉತ್ಸಾಹವನ್ನು ತಡೆಹಿಡಿಯಬೇಕು. ಅತಿ ಸಣ್ಣ ಧೂಳನ್ನೂ ಹಿಡಿಯುವ ಇಂಥ ಫಿಲ್ಟರಿಗೆ ಹೆಪಾ ಎನ್ನುತ್ತಾರೆ. ಅಮೆರಿಕದ ಅಳತೆಯ ಪ್ರಕಾರ ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಹಿಡಿಯಬೇಕು. ಅದನ್ನು ಸಾಧಿಸುವುದು ಮಡಿಕೆಗಳ ಒಳಗಿನ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ನಾರುಗಳ ಹೆಣಿಗೆ. ತೊಳೆಯಬಹುದು ಎಂದು ಅದರ ಮೇಲೆಯೇ ಬರೆದಿರದಿದ್ದರೆ ನೀರು ಆ ಹೆಣಿಗೆಯನ್ನು ಕೆಡಿಸುತ್ತದೆ. ನಮ್ಮದರ ಮೇಲೆ ಹಾಗೆ ಬರೆದಿರಲಿಲ್ಲ. ಹೊರಗೆ ಒಯ್ದು ಅಂಗೈಗೆ ಮೆಲ್ಲಗೆ ತಟ್ಟಿ, ಮಡಿಕೆಗಳು ಕಪ್ಪಾಗಿದ್ದುದರಿಂದ ಹೊಸದನ್ನು ತರಿಸಿದೆ. ಪೆಟ್ಟಿಗೆಯ ಮೇಲೆ ‘ಹೆಪಾ ಮಾದರಿ’ ಎಂಬಂಥ ಮಾತಿದ್ದರೆ ಅದು ಈ ಅಳತೆಯ ಭರವಸೆಯಲ್ಲ. ಅಂಕಿ ಬರೆದಿದೆಯೇ ಎಂದು ನೋಡಬೇಕು.

ಕೊಳವೆಯಲ್ಲಿ ಅಡಚಣೆ ಇದೆಯೇ ಎಂದು ತಿಳಿಯಲು ಮಕ್ಕಳ ಗೋಲಿಯೊಂದನ್ನು ಬಾಯಿಂದ ಬಿಟ್ಟು, ಕೊಳವೆಯನ್ನು ಎತ್ತಿ ಹಿಡಿದರೆ ಸಾಕು. ನಮ್ಮ ಗೋಲಿ ಬಾಗಿದ ಭಾಗದಲ್ಲಿ ನಿಂತಿತು. ಅಡ್ಡಲಾಗಿ ಸಿಕ್ಕಿಕೊಂಡಿದ್ದ ಕೂದಲಿನ ಪಿನ್ನು, ಅದರ ಬೆನ್ನಿಗೆ ಒಂದು ಮುಷ್ಟಿ ನಾರು. ತಂತಿ ತೂರಿಸಿದರೆ ಕೊಳವೆ ತೂತಾಗುತ್ತದೆ. ಬೆತ್ತದ ತುದಿಗೆ ಬಟ್ಟೆ ಸುತ್ತಿ ತಳ್ಳಿದೆ. ಉರುಳುವ ಬ್ರಷ್ಷಿನ ತುದಿಯ ತಿರುಪನ್ನು ನಾಣ್ಯದಿಂದ ತಿರುಗಿಸಿ ಬಿಚ್ಚಬಹುದು. ಸುತ್ತಿಕೊಂಡ ಕೂದಲನ್ನು ಎಳೆಯದೆ, ಬ್ರಷ್ಷಿನ ಉದ್ದಕ್ಕೂ ಕತ್ತರಿ ಆಡಿಸಿ ಕತ್ತರಿಸಬೇಕು. ಎರಡೂ ತುದಿಯ ಬೇರಿಂಗುಗಳಲ್ಲಿ ಬಿಗಿಯಾಗಿ ಸುತ್ತಿದ ಬಾಳೆನಾರನ್ನು ತೆಗೆಯಲು ಚಿಮಟ ಬೇಕಾಯಿತು. ಮೋಟಾರಿನ ಕವಚವನ್ನು ನಾನು ಬಿಚ್ಚಲಿಲ್ಲ. ಅದರ ತಿರುಪುಗಳ ತಲೆ ನಕ್ಷತ್ರಾಕಾರದ್ದು, ಒಳಗೆ ವಿದ್ಯುತ್ತಿನ ಭಾಗಗಳಿವೆ. ಕಲಿತವರ ಕೈಗೇ ಬಿಡಬೇಕಾದ ಕೆಲಸ ಅದು.

ಮೂರನೆಯ ದಿನ ಎಲ್ಲವನ್ನೂ ಜೋಡಿಸಿ ಸ್ವಿಚ್ ಹಾಕಿದಾಗ ದನಿ ಮೊದಲಿನಂತೆ ತಗ್ಗಾಗಿ, ತುಂಬಿಕೊಂಡು ಬಂತು. ಅರ್ಧ ಗಂಟೆ ಓಡಿಸಿದರೂ ನಿಲ್ಲಲಿಲ್ಲ. ಖರ್ಚಾದದ್ದು ಒಂದು ಫಿಲ್ಟರಿನ ಬೆಲೆ ಮಾತ್ರ. ಆ ಮಹಾನವಮಿಯಂದು ಆಯುಧ ಪೂಜೆಗೆ ಸ್ಕೂಟರು, ಹೊಲಿಗೆ ಯಂತ್ರಗಳ ಪಕ್ಕದಲ್ಲಿ ಅದನ್ನೂ ಇಟ್ಟು ಅಮ್ಮ ಕುಂಕುಮ ಹಚ್ಚಿದರು.

ಈಗ ತೀರ್ಪಿನ ಮಾತು. ಅಂಗಡಿಯಲ್ಲಿ ಮಾರಾಟಗಾರರು ಮೊದಲು ಹೇಳುವುದು ವಾಟ್. ಅದು ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬ ಲೆಕ್ಕ, ಎಷ್ಟು ಧೂಳು ಎಳೆಯುತ್ತದೆ ಎಂಬುದಲ್ಲ. ಐರೋಪ್ಯ ಒಕ್ಕೂಟ 2014ರಲ್ಲಿ ಮನೆಯ ಯಂತ್ರಗಳಿಗೆ 1600 ವಾಟ್ ಮಿತಿ ಹಾಕಿ, 2017ರಲ್ಲಿ ಅದನ್ನು 900 ವಾಟಿಗೆ ಇಳಿಸಿತು. ಅಲ್ಲಿನ ಮನೆಗಳು ಅದರಿಂದ ಕೊಳಕಾಗಲಿಲ್ಲ. ಆದ್ದರಿಂದ ಕೊಳ್ಳುವ ಮುಂಚೆ ಅಂಗಡಿಯ ಮೇಜಿನ ಮೇಲೆಯೇ ಡಬ್ಬಿ ತೆಗೆಸಿ, ಜಾಲರಿ ಬಿಚ್ಚಿಸಿ, ಸ್ಪಂಜನ್ನು ನಿಮ್ಮ ಕೈಯಿಂದಲೇ ಹೊರತೆಗೆದು ಮತ್ತೆ ಕೂರಿಸಿ. ಅದು ಸಲೀಸಾಗಿ ಆಗದಿದ್ದರೆ ಆ ಯಂತ್ರ ಬೇಡ. ಬಿಡಿ ಫಿಲ್ಟರ್ ಊರಿನಲ್ಲೇ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ಒಂದು ವಿಷಯದಲ್ಲಿ ನನ್ನ ನಿಲುವು ಬದಲಾಗಿದೆ. ಡಬ್ಬಿಯನ್ನು ಬರಿದು ಮಾಡುವಾಗ ಹಿಡಿದ ಧೂಳೆಲ್ಲ ಒಮ್ಮೆಗೇ ಏಳುತ್ತದೆ. ಚೀಲದ ಯಂತ್ರದಲ್ಲಾದರೆ ಕಾಗದದ ಚೀಲವನ್ನು ಬಾಯಿ ಮುಚ್ಚಿ ಹಾಗೆಯೇ ಎಸೆಯಬಹುದು. ಉಬ್ಬಸ ತೀವ್ರವಾಗಿರುವವರು ಒಬ್ಬರೇ ವಾಸಿಸುವ ಮನೆಗೆ ನಾನು ಚೀಲವಿಲ್ಲದ ಯಂತ್ರವನ್ನು ಸೂಚಿಸುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ನಾನು ಹಿತ್ತಲಿಗೆ ಒಯ್ದು, ಡಬ್ಬಿಯ ಬಾಯನ್ನು ದೊಡ್ಡ ಚೀಲದೊಳಗೆ ಇಳಿಸಿ, ಕತ್ತು ಹಿಡಿದು ಬರಿದು ಮಾಡುತ್ತೇನೆ. ಪ್ರತಿ ಅಮಾವಾಸ್ಯೆಯ ಮರುದಿನ ಸ್ಪಂಜು ತೊಳೆಯುವುದೆಂದು ಗೊತ್ತುಮಾಡಿಕೊಂಡಿದ್ದೇವೆ, ಒಂದು ಒಣಗುವಾಗ ಇನ್ನೊಂದನ್ನು ಹಾಕಲೆಂದು ಎರಡನೆಯ ಸ್ಪಂಜನ್ನೂ ಕೊಂಡಿದ್ದೇವೆ. ಎಳೆತಕ್ಕೆ ಐದರಲ್ಲಿ ನಾಲ್ಕು, ಬಿಚ್ಚಿ ತೊಳೆಯುವ ಅನುಕೂಲಕ್ಕೆ ನಾಲ್ಕು, ಚಿಲಕದ ಗಟ್ಟಿತನಕ್ಕೆ ಎರಡು, ದುರಸ್ತಿ ಸೇವೆಗೆ ಒಂದು ಅಂಕ ಕೊಡುತ್ತೇನೆ. ಬಿರುಕು ಬಿಟ್ಟ ಕೊಕ್ಕೆಗೆ ಬದಲಿ ಮುಚ್ಚಳ ಬೇಕೆಂದು ಕೇಳಿ ನಾಲ್ಕು ತಿಂಗಳಾಯಿತು, ಇನ್ನೂ ಬಂದಿಲ್ಲ.