ತೋಟದ ಮಣ್ಣು ಹೊತ್ಕೊಂಡು ಇಂದೋರ್‌ಗೆ: ಇಂಡಸ್-2 ಬೀಮ್‌ಟೈಮ್ ರಿವ್ಯೂ

ನಮ್ಮ ಚಿಕ್ಕಮಗಳೂರಲ್ಲಿ ಎಲ್ರೂ ಹೋಮ್‌ಸ್ಟೇಗೆ ರಿವ್ಯೂ ಬರೀತಾರೆ, ನಾನು ಎಕ್ಸ್-ರೇ ಮಷೀನಿಗೆ ಬರೀತಿದೀನಿ. ಮಷೀನು ಅಂದ್ರೆ ಟೇಬಲ್ ಮೇಲೆ ಇಡೋದಲ್ಲ ಮಾರಾಯ್ರೆ, ಸುತ್ತಳತೆನೇ 172 ಮೀಟರ್ ಚಿಲ್ರೆ. ಇಂದೋರ್‌ನ ರಾಜಾ ರಾಮಣ್ಣ ಸೆಂಟರ್‌ನಲ್ಲಿರೋ ಇಂಡಸ್-2 ಸಿಂಕ್ರೊಟ್ರಾನ್, ಅಂದ್ರೆ ಎಲೆಕ್ಟ್ರಾನ್ ಸುತ್ತಿಸಿ ಎಕ್ಸ್-ರೇ ತೆಗೆಯೋ ದೊಡ್ಡ ಉಂಗುರ. ಅದನ್ನ ಬಳಸೋಕೆ ನಮಗೆ ಸಿಗೋ ಸಮಯಾನೇ ಬೀಮ್‌ಟೈಮ್. ಅಣುವಿಜ್ಞಾನಿ ರಾಮಣ್ಣ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೇಲೇ, ಅಷ್ಟು ದೂರ ಹೋಗಿ ಬೋರ್ಡಲ್ಲಿ ಆ ಹೆಸರು ನೋಡಿದ್ರೆ ಒಂಥರಾ ನಮ್ಮನೆಯವ್ರು ಸಿಕ್ಕಂಗಾಗುತ್ತೆ.

ಇದೆಲ್ಲಾ ಶುರುವಾಗಿದ್ದು ಬೋರ್ಡೋ ದ್ರಾವಣದಿಂದ. ಆಲ್ದೂರು ಕಡೆ ನಮ್ದು ಅರೇಬಿಕಾ ತೋಟ, ಎಲೆ ತುಕ್ಕು ರೋಗಕ್ಕೆ ತಾತನ ಕಾಲದಿಂದ ಮೈಲುತುತ್ತ (ತಾಮ್ರದ ಸಲ್ಫೇಟು) ಸುಣ್ಣ ಕಲಸಿದ ಈ ದ್ರಾವಣ ಹೊಡೀತಾನೇ ಇದೀವಿ, ಕಾಫಿಗೆ ಅರ್ಧ ಪರ್ಸೆಂಟು, ಮೆಣಸಿನ ಬಳ್ಳಿಗೆ ಒಂದು ಪರ್ಸೆಂಟು. ತಾಮ್ರ ಏನು ಕೊಳೆತು ಹೋಗೋ ವಸ್ತುನಾ, ಮಳೇಲಿ ಎಲೆಯಿಂದ ಇಳಿದು ಮಣ್ಣಲ್ಲೇ ಕೂರುತ್ತೆ. ಪಿಎಚ್‌ಡಿಗೆ ಇದನ್ನೇ ತಗೊಂಡೆ. ಮೊದ್ಲು ಒಂದು ಪ್ರೈವೇಟ್ ಲ್ಯಾಬಿಗೆ ಮಣ್ಣು ಕೊಟ್ಟೆ (ಹೆಸರು ಬೇಡ ಬಿಡಿ), ದುಡ್ಡು ಇಸ್ಕೊಂಡು ಒಂದು ಹಾಳೆ ಕೊಟ್ರು, ಹಾಳೆ ತುಂಬಾ ಜಾಗ ಖಾಲಿ, ನಡುವೆ ಒಂದು ನಂಬರ್. ಯಾವ ರೂಪದಲ್ಲಿದೆ ಸಾರ್ ಅಂದ್ರೆ "ತಾಮ್ರದ ರೂಪದಲ್ಲೇ" ಅಂದ್ರು.

ಅವರದ್ದೂ ಪೂರ್ತಿ ತಪ್ಪಲ್ಲ. ಮಣ್ಣನ್ನ ಆಸಿಡ್‌ನಲ್ಲಿ ಕುದಿಸಿದ್ರೆ ಒಟ್ಟು ಎಷ್ಟಿದೆ ಅಂತ ಗೊತ್ತಾಗುತ್ತೆ, ಯಾವುದಕ್ಕೆ ಅಂಟಿತ್ತು ಅನ್ನೋ ಗುರುತು ಆಸಿಡ್‌ನಲ್ಲೇ ಕರಗಿಹೋಗುತ್ತೆ. ಆದ್ರೆ ವಿಷಯ ಇರೋದೇ ಅಲ್ಲಿ, ತರಗೆಲೆ ಕೊಳೆತ ಹ್ಯೂಮಸ್ಸಿಗೆ ಗಟ್ಟಿಯಾಗಿ ಅಂಟಿಕೊಂಡ ತಾಮ್ರ ಬೇರೆ, ಮಣ್ಣಿನ ನೀರಲ್ಲಿ ಬಿಡಿಯಾಗಿ ಓಡಾಡೋ ತಾಮ್ರ ಬೇರೆ, ಬೇರಿಗೆ ಎರೆಹುಳಕ್ಕೆ ಜಾಸ್ತಿ ಕಾಟ ಕೊಡೋದು ಎರಡನೇದು. ಮಣ್ಣನ್ನ ಕರಗಿಸದೆ ಹಂಗೇ ಇಟ್ಟು ನೋಡೋಕೆ ಸಿಂಕ್ರೊಟ್ರಾನ್ ಬೇಕು.

ಅದು ಹೆಂಗೆ ಅಂದ್ರೆ, ಒದ್ದೆ ಛತ್ರೀನ ಗಿರಗಿರ ತಿರುಗಿಸಿದ್ರೆ ಅಂಚಿಂದ ನೀರು ಸಿಡಿಯುತ್ತಲ್ಲ, ಸುಮಾರು ಹಂಗೆ. 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳನ್ನ ಮ್ಯಾಗ್ನೆಟ್ಟುಗಳು ತಿರುವಲ್ಲಿ ಬಗ್ಗಿಸ್ತಾವೆ, ಬಗ್ಗಿದಾಗೆಲ್ಲಾ ಅವು ಓಡ್ತಿದ್ದ ದಿಕ್ಕಿಗೇ ನೇರವಾಗಿ ಎಕ್ಸ್-ರೇ ಸಿಡಿಯುತ್ತೆ, ಅದನ್ನ ಒಂದೊಂದು ಪೈಪಲ್ಲಿ ಹಿಡಿದ್ರೆ ಒಂದೊಂದು ಬೀಮ್‌ಲೈನ್. ನಂದು 9ನೇದು. ಸಿಲಿಕಾನ್ ಹರಳು ತಿರುಗಿಸ್ತಾ ಎಕ್ಸ್-ರೇ ಶಕ್ತೀನ ಸ್ವಲ್ಪ ಸ್ವಲ್ಪನೇ ಏರಿಸ್ತಾ ಹೋಗ್ತಾರೆ, 8979 ಎಲೆಕ್ಟ್ರಾನ್‌ವೋಲ್ಟ್ ಹತ್ರ ಬಂದ ತಕ್ಷಣ ತಾಮ್ರ ಗಬಕ್ಕಂತ ಹೀರೋಕೆ ಶುರು ಮಾಡುತ್ತೆ, ಗ್ರಾಫು ಗೋಡೆ ಹತ್ತಿದಂಗೆ ಮೇಲೇರುತ್ತೆ. ಹೀರಿದ ತಾಮ್ರ ವಾಪಸ್ ತನ್ನದೇ ಎಕ್ಸ್-ರೇ ಬೆಳಕು ಬಿಟ್ಟು ಹೊಳೆಯುತ್ತೆ, ಡಿಟೆಕ್ಟರ್ ಎಣಿಸೋದು ಅದನ್ನೇ. ಆ ಗೋಡೆಯ ಏರು, ಅದರ ತುದಿಯ ಅಂಕುಡೊಂಕು ನೋಡಿ ತಾಮ್ರದ ಪಕ್ಕದಲ್ಲಿ ಯಾರಿದಾರೆ ಅಂತ ಹೇಳಬಹುದು.

ಈಗ ನನ್ನ ಪಜೀತಿ. ನಮ್ಮೂರ ಮಣ್ಣು ಅಂದ್ರೆ ಕೆಮ್ಮಣ್ಣು, ಕೆಮ್ಮಣ್ಣುಗುಂಡಿ ಅಂತ ಊರಿನ ಹೆಸರೇ ಇದೆ, ಕೆಂಪು ಅಂದ್ರೆ ಕಬ್ಬಿಣ. ತಾಮ್ರ ಚಿಟಿಕೆಯಷ್ಟು, ಕಬ್ಬಿಣ ಬುಟ್ಟಿಗಟ್ಲೆ. ತಾಮ್ರಕ್ಕೆ ಬೇಕಾದ ಶಕ್ತೀಲಿ ಕಬ್ಬಿಣನೂ ಹೊಳೆಯೋಕೆ ಶುರು ಮಾಡಿ ಡಿಟೆಕ್ಟರ್‌ನ ಪೂರ್ತಿ ಮುಳುಗಿಸಿಬಿಡ್ತು, ಮದುವೆ ಮನೆ ವಾಲಗದ ಮಧ್ಯೆ ಪಿಸುಮಾತು ಕೇಳೋಕೆ ಹೋದಂಗೆ. ಇದನ್ನ ಮೊದ್ಲೇ ಯೋಚ್ನೆ ಮಾಡ್ದೆ ಹೋಗಿದ್ದು ನನ್ನ ದಡ್ಡತನ, ಅರ್ಧ ಶಿಫ್ಟ್ ಅದಕ್ಕೇ ಹೋಯ್ತು. ಪರಿಹಾರ ಏನು ಗೊತ್ತಾ, ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್! ಐದಾರು ಪದರ ಮಡಚಿ ಡಿಟೆಕ್ಟರ್ ಮುಂದೆ ಇಟ್ರೆ ಕಬ್ಬಿಣದ 6.4 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬೆಳಕು ಜಾಸ್ತಿ ತಡೆಯುತ್ತೆ, ತಾಮ್ರದ 8 ಕಿಲೋದ್ದು ಅದಕ್ಕಿಂತ ಸಲೀಸಾಗಿ ದಾಟುತ್ತೆ. ಬೀಮ್‌ಲೈನ್‌ನವ್ರು ನನ್ ಮುಖ ನೋಡೇ ಸಮಸ್ಯೆ ಏನು ಅಂತ ಹೇಳಿದ್ರು, ಈ ಒಂದಕ್ಕೇ ಐದು ಸ್ಟಾರ್ ಕೊಡ್ತೀನಿ.

ಇನ್ನೊಂದು ಹುಷಾರು, ಈ ಬೆಳಕು ಎಷ್ಟು ಜೋರು ಅಂದ್ರೆ ನೋಡ್ತಾ ನೋಡ್ತಾನೇ ಎರಡರ ತಾಮ್ರನ (ಎರಡು ಎಲೆಕ್ಟ್ರಾನ್ ಕಳ್ಕೊಂಡಿರೋದು) ಒಂದರ ತಾಮ್ರ (ಒಂದೇ ಕಳ್ಕೊಂಡಿರೋದು) ಮಾಡಿಬಿಡಬಹುದು, ಆಮೇಲೆ ನೀವು ನೋಡೋದು ತೋಟದ ಮಣ್ಣಲ್ಲ, ಬೀಮಿನ ಹಾವಳಿ. ಅದಕ್ಕೆ ಪ್ರತಿ ಸ್ಕ್ಯಾನಿಗೂ ಸ್ವಲ್ಪ ಜಾಗ ಬದಲಾಯಿಸಿ, ಮೊದಲನೇದು ಕೊನೇದು ಒಂದರ ಮೇಲೊಂದು ಇಟ್ಟು ನೋಡ್ಲೇಬೇಕು.

ರಿಸಲ್ಟು? ಮೇಲ್ಮಣ್ಣಿನ ಗ್ರಾಫು, ಹ್ಯೂಮಸ್ಸಲ್ಲಿರೋ ಹ್ಯೂಮಿಕ್ ಆಸಿಡ್ ಜೊತೆ ಬೆರೆಸಿದ ತಾಮ್ರದ ಸ್ಟ್ಯಾಂಡರ್ಡಿಗೇ (ಹೋಲಿಸಿ ನೋಡೋಕೆ ಇಟ್ಕೊಂಡ ಮಾದರಿ) ಹತ್ರ ಬಂತು, ಆಕ್ಸೈಡಿಗೂ ಅಲ್ಲ ಸಲ್ಫೇಟಿಗೂ ಅಲ್ಲ. ಅಂದ್ರೆ ಮರದ ನೆರಳು, ತರಗೆಲೆ ಹಾಸು ಅದನ್ನ ಹಿಡ್ಕೊಂಡಿದೆ. ಇದು ನಮ್ಮ ಒಂದು ತೋಟದ ಮಾತು ಅಷ್ಟೇ, ಪಕ್ಕದ ತೋಟಕ್ಕೆ ಹೇಳಲ್ಲ. ದೊಡ್ಡಪ್ಪಂಗೆ ಹೇಳಿದ್ರೆ "ಅದೆಲ್ಲಾ ಸರಿ ಕಣೋ, ಈ ಸಲ ಬೋರ್ಡೋ ಹೊಡೀಬೇಕಾ ಬ್ಯಾಡ್ವಾ?" ಅಂದ್ರು, ಅದಕ್ಕೆ ಸಿಂಕ್ರೊಟ್ರಾನ್‌ನಲ್ಲಿ ಉತ್ತರ ಇಲ್ಲ. ಹಂಗಾಗಿ ಬೆಳೆಗಾರರು ಯಾರೂ ಇದಕ್ಕೆ ತಲೆ ಕೆಡಿಸ್ಕೋಬೇಡಿ, ಮಾಮೂಲಿ ಮಣ್ಣು ಪರೀಕ್ಷೆ ಸಾಕು.

ಕ್ರೋಮಿಯಂ ಮೇಲೆ ಕೆಲಸ ಮಾಡೋರಿಗಾದ್ರೆ ಕಣ್ಮುಚ್ಚಿ ಹೋಗಿ ಅಂತೀನಿ. ಹಾಸನದ ನುಗ್ಗೇಹಳ್ಳಿ ಬೆಲ್ಟಲ್ಲಿ ಕ್ರೋಮೈಟ್ ಇದೆಯಲ್ಲ, ಆ ಅದಿರಲ್ಲಿರೋದು ಮೂರರ ಕ್ರೋಮಿಯಂ, ಅಷ್ಟೇನೂ ತೊಂದರೆ ಇಲ್ಲ, ಭಯ ಇರೋದು ನೀರಲ್ಲಿ ಸುಲಭವಾಗಿ ಹರಿಯೋ ಆರರದ್ದು. ಆರರದ್ದಿದ್ರೆ 5993 ಎಲೆಕ್ಟ್ರಾನ್‌ವೋಲ್ಟ್ ಹತ್ರ ಗೋಡೆಗಿಂತ ಮುಂಚೆನೇ ಒಂದು ಚೂಪು ಶಿಖರ ಎದ್ದು ನಿಲ್ಲುತ್ತೆ, ಮೂರರದ್ದಕ್ಕೆ ಅಲ್ಲಿ ಸಣ್ಣ ಉಬ್ಬು ಅಷ್ಟೇ. ನನ್ನ ತಾಮ್ರದ ಥರ ತಿಣುಕಾಡೋ ಕೆಲಸ ಅಲ್ಲ.

ಖರ್ಚಿನ ವಿಷ್ಯ, ಪ್ರಪೋಸಲ್ ಒಪ್ಪಿಗೆ ಆದ್ರೆ ನನ್ನಂಥ ಯೂನಿವರ್ಸಿಟಿ ಪಾರ್ಟಿಗಳಿಗೆ ಬೀಮ್‌ಟೈಮಿಗೆ ದುಡ್ಡಿಲ್ಲ, ಓಡಾಟ ಮಾತ್ರ ನಮ್ದು. ಮಣ್ಣನ್ನ ನುಣ್ಣಗೆ ಅರೆದು ಮಾತ್ರೆ ಥರ ಒತ್ತಿ ಊರಿಂದಲೇ ತಗೊಂಡ್ಹೋಗಿ, ಸ್ಟ್ಯಾಂಡರ್ಡುಗಳನ್ನ ತೆಳು ಮಾಡೋಕೆ ಬೋರಾನ್ ನೈಟ್ರೈಡ್ ಅನ್ನೋ ಬಿಳಿ ಪುಡಿ ಬೆರೆಸ್ಕೊಳ್ಳಿ. ಆ ಬಿಳಿ ಪುಡಿ ಪೊಟ್ಟಣ ಮಾತ್ರ ಕೈಚೀಲದಲ್ಲಿ ಇಟ್ಕೋಬೇಡಿ, ಏರ್‌ಪೋರ್ಟಲ್ಲಿ ನನ್ನ ಅರ್ಧ ಗಂಟೆ ನಿಲ್ಲಿಸ್ಕೊಂಡಿದ್ರು, ಕಾಲೇಜಿನ ಲೆಟರ್ ತೋರಿಸಿದ ಮೇಲೇ ಬಿಟ್ಟಿದ್ದು.